ತೊಟ್ಟಿಗಿಟ್ಟ ಕಾಡಿಗೆ

ಗಾಜಿನ ತೊಟ್ಟಿಯೊಳಗೆ ಅಕ್ಕನ ಹೊಸ ಹೃದಯ ಹನ್ನೊಂದು ದಿನಗಳಿಂದ ಎಳೆಎಳೆಯಾಗಿ ಮುದ್ರಣವಾಗುತ್ತಿತ್ತು. ಇನ್ನೊಂದು ದಿನದ ಕೆಲಸ ಬಾಕಿ. ಮನೆಯವರೊಬ್ಬರು ಪಕ್ಕದಲ್ಲಿ ಕಾಯಬೇಕೆಂಬುದು ಆಸ್ಪತ್ರೆಯ ರೂಢಿ. ಇವತ್ತು ತಂಗಿ ಚಾರುಮತಿಯ ಸರದಿ. ಬೆಳಿಗ್ಗೆಯಿಂದ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹೋಗಿಬರುವವರೆಲ್ಲ ಇಣುಕಿ, "ಎಷ್ಟು ಮುದ್ದಾಗಿ ಮಿಡೀಲಿಕ್ಕತ್ತದ ನೋಡ್ರಿ" ಅಂದುಬಿಡುತ್ತಿದ್ದರು. ಕೊನೆಗೆ ತಡೆಯಲಾರದೆ, ಯಾರೂ ಇಲ್ಲದ ಹೊತ್ತು ನೋಡಿ, ಕಣ್ಣಂಚಿನ ಕಾಡಿಗೆ ತೆಗೆದು ಗಾಜಿಗೊಂದು ದೃಷ್ಟಿಬೊಟ್ಟು ಇಟ್ಟಳು.

ಚಹಾ ಕುಡಿದು ಬರುವಷ್ಟರಲ್ಲಿ ತೊಟ್ಟಿಯ ದೀಪ ಕೆಂಪಾಗಿತ್ತು.

"ಹೃದಯದ ಮ್ಯಾಲ ಕಪ್ಪು ಕಲೆ ಎದ್ದದಂತ, ಕೆಟ್ಟದ ಅಂತ ಮಷಿನ್ ಹೇಳ್ಲಿಕ್ಕತ್ತದ," ಎಂದರು ತೊಟ್ಟಿ ನೋಡಿಕೊಳ್ಳುವ ಹುಸೇನಪ್ಪ, ಕೈಗವಸು ಏರಿಸುತ್ತ. "ಚೆಲ್ಲಿ ಮೊದಲಿಂದ ಶುರು ಮಾಡಬೇಕಾಗ್ತದವ್ವಾ."

ಮೊದಲಿಂದ ಅಂದರೆ ಮತ್ತೆ ಹನ್ನೆರಡು ದಿನ. ಡಾಕ್ಟರು ಅಕ್ಕನಿಗೆ ಕೊಟ್ಟಿದ್ದ ಗಡುವು ಐದೇ ದಿನ. ಚಾರುಮತಿಯೋ ಅಪರಿಚಿತರ ಹತ್ತಿರ ಟೈಮೆಷ್ಟು ಎಂದು ಕೇಳಲೂ ಅಂಜುವ ಹುಡುಗಿ. ಹುಸೇನಪ್ಪನ ಕೈ ತೊಟ್ಟಿ ಖಾಲಿ ಮಾಡುವ ನಲ್ಲಿಯತ್ತ ಹೋದಾಗ ಮಾತ್ರ ಮಧ್ಯೆ ನುಗ್ಗಿ, ಕಪ್ಪಾದ ಬೆರಳು ತೋರಿಸಿದಳು.

"ಕಲೆ ನಂದ್ರಿ. ನೆದರು ಆಗಬಾರದು ಅಂತ ನಾನೇ ಇಟ್ಟೆ."

ಅವರು ಬೆರಳನ್ನೂ ಗಾಜನ್ನೂ ನೋಡಿದರು. ಬಟ್ಟೆಯಿಂದ ಒರೆಸಿದರು. ದೀಪ ಹಸಿರಾಯಿತು.

"ಮಷಿನ್ ಕಣ್ಣು ಮುಂದಿನ ಕಡೆ ಅದ ತಾಯಿ," ಎಂದರು. "ಇಡೋದಿದ್ರ ಹಿಂದ ಇಡಬೇಕು."

ಚಾರುಮತಿ ಬಗ್ಗಿ ನೋಡಿದಳು. ತೊಟ್ಟಿಯ ಬೆನ್ನಿನ ತುಂಬ ಯಾರ್ಯಾರೋ ಇಟ್ಟ ಹಳೆಯ ಬೊಟ್ಟುಗಳು ಒಣಗಿ ಕೂತಿದ್ದವು. ಅವುಗಳ ನಡುವೆ ತನ್ನದಕ್ಕೊಂದು ಜಾಗ ಹುಡುಕಿದಳು.