ಪರದೆ ಹಿಡಿದ ರಾಜ

ನಾಟಕ ಶುರುವಾಗುವ ಮೂರನೆಯ ಗಂಟೆ ಬಾರಿಸಿದರೂ ಪರದೆ ಏಳಲಿಲ್ಲ. ಪರದೆ ಎತ್ತುವ ಯಂತ್ರ ನೋಡಿಕೊಳ್ಳುತ್ತಿದ್ದ ಯಂತ್ರದಕ್ಕ ಅದರ ಹಿಡಿಕೆಯನ್ನು ಎಷ್ಟು ತಿರುವಿದರೂ ಒಳಗೆ ಚಕ್ರಗಳು ಗರಗರ ಎಂದವೇ ಹೊರತು ಹಗ್ಗ ಒಂದಿಂಚೂ ಸುತ್ತಿಕೊಳ್ಳಲಿಲ್ಲ. ಪರದೆಯಾಚೆ ಸಿಳ್ಳೆ ಶುರುವಾಯಿತು.

"ಏನಕ್ಕಾ ಇದು? ಸಿಂಹಾಸನದಲ್ಲಿ ಕೂತು ಕೂತು ಬೆವೆತುಹೋದೆ!" ರಾಜನ ಪಾತ್ರಧಾರಿ ಕಿರೀಟ ಹಿಡಿದುಕೊಂಡು ಓಡಿಬಂದ.

ಯಂತ್ರದಕ್ಕ ಮುಚ್ಚಳ ತೆಗೆದಳು. ನಡುವೆ ಪುಟ್ಟ ಹಲ್ಲುಚಕ್ರ, ಅದರ ಸುತ್ತ ಇನ್ನೂ ಮೂರು, ಎಲ್ಲವನ್ನೂ ಸುತ್ತುವರಿದು ಒಳಮೈಗೆ ಹಲ್ಲಿರುವ ದೊಡ್ಡ ಬಳೆ. "ಈ ಬಳೆ ಅಲ್ಲಾಡದೆ ನಿಂತರೆ ತಾನೇ ಆ ಮೂರೂ ಅದರ ಹಲ್ಲಿಗೆ ಹಲ್ಲು ಕೊಟ್ಟು ಸುತ್ತ ಸಾಗೋದು, ಹಗ್ಗ ಎಳೆಯೋದು? ಬಳೆ ಹಿಡಿದಿದ್ದ ಬೋಲ್ಟ್ ಮುರಿದಿದೆ. ಈಗ ಬಳೆನೇ ಹಿಂದಕ್ಕೆ ಓಡುತ್ತೆ, ಮೂರೂ ನಿಂತಲ್ಲೇ ಗಿರಗಿರ."

ರಾಜ ತನ್ನ ಖಡ್ಗವನ್ನೇ ಬೋಲ್ಟಿನ ತೂತಿಗೆ ತುರುಕಿದ. ಮರದ ಖಡ್ಗ, ಲಟಕ್ಕೆಂದು ಮುರಿಯಿತು. ಬಳೆಯ ಹೊರಮೈಯಲ್ಲಿ ಚಾಚಿದ್ದ ಎರಡು ಕಿವಿ ಹಿಡಿದು ನಿಲ್ಲುವುದೊಂದೇ ದಾರಿ. ಅಷ್ಟು ತೋಳಬಲ ತಂಡದಲ್ಲಿ ಇದ್ದದ್ದು ಅವನೊಬ್ಬನಿಗೇ. ಅದನ್ನು ಅವನೇ ದಿನಕ್ಕೆ ಹತ್ತು ಸಲ ಹೇಳಿಕೊಳ್ಳುತ್ತಿದ್ದ. ಹಿಡಿದ. ಯಂತ್ರದಕ್ಕ ಹಿಡಿಕೆ ತಿರುವಿದಳು, ಪರದೆ ಸರಸರನೆ ಮೇಲೇರತೊಡಗಿತು.

"ಇನ್ನು ಬಿಡಲಾ?"

"ಬಿಟ್ಟರೆ ದಡ್ ಅಂತ ಬೀಳುತ್ತೆ."

"ಹಾಗಾದ್ರೆ ರಾಜ ಯಾರು?"

ಮರೆಯಲ್ಲಿ ನಿಂತು ನಟರಿಗೆ ಮಾತು ನೆನಪಿಸುವುದು ಅವನ ಹೆಂಡತಿಯ ಕೆಲಸ. ಅವಳು ಗಂಡನ ತಲೆಯಿಂದ ಕಿರೀಟ ತೆಗೆದು ತಾನಿಟ್ಟುಕೊಂಡಳು. "ನಿಮ್ಮ ಮಾತು ನಿಮಗಿಂತ ನನಗೇ ಚೆನ್ನಾಗಿ ಬರುತ್ತೆ ಕಣ್ರೀ" ಎಂದವಳೇ ಹೋಗಿ ಸಿಂಹಾಸನದಲ್ಲಿ ಕೂತುಬಿಟ್ಟಳು.

ಮೊದಲು ಗೊಳ್ಳೆಂದು ನಕ್ಕ ಜನ ಆಮೇಲೆ ತುಟಿಪಿಟಕ್ಕೆನ್ನದೆ ಕೇಳಿದರು. ಕಳ್ಳಮಂತ್ರಿಯನ್ನು ಅವಳು ತರಾಟೆಗೆ ತೆಗೆದುಕೊಂಡಾಗಲಂತೂ ಚಪ್ಪಾಳೆ ನಿಲ್ಲಲೇ ಇಲ್ಲ. ಆ ಚಪ್ಪಾಳೆ ತನ್ನದಾಗಬೇಕಿತ್ತು ಎಂದು ರಾಜನಿಗೆ ಹೊಟ್ಟೆ ಉರಿಯಿತು. ಇಷ್ಟು ವರ್ಷ ಇವಳು ಮರೆಯಲ್ಲೇ ಪಿಸುಗುಟ್ಟುತ್ತಿದ್ದಳಲ್ಲ ಅನಿಸಿದ್ದೇ ತಡ, ಹೊಟ್ಟೆಯುರಿ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ತಾನೂ ಚಪ್ಪಾಳೆ ತಟ್ಟೋಣವೆಂದರೆ ಕೈ ಬಿಡುವಂತಿರಲಿಲ್ಲ, ಖುಷಿಗೆ ನಿಂತಲ್ಲೇ ಕುಣಿಯುವುದೊಂದೇ ಬಾಕಿ.

ಮರುದಿನ ಯಂತ್ರದಕ್ಕ ಹೊಸ ಬೋಲ್ಟ್ ತಂದಳು. "ತಗೊಳ್ಳಿ, ನಿಮ್ಮ ಸಿಂಹಾಸನ ನಿಮಗೆ ವಾಪಸ್."

ರಾಜ ಬೊಬ್ಬೆಯೆದ್ದ ಅಂಗೈಗಳನ್ನು ಉಜ್ಜಿಕೊಂಡ.

"ಬೋಲ್ಟ್ ಹಾಗಿರಲಿ ಅಕ್ಕಾ. ಈ ಯಂತ್ರನ ಸ್ವಲ್ಪ ಮುಂದಕ್ಕೆ ಸರಿಸೋಕಾಗುತ್ತಾ? ನಿನ್ನೆ ನನಗೆ ಅವಳ ಬೆನ್ನು ಮಾತ್ರ ಕಾಣಿಸಿದ್ದು."