ಫಕೀರಪ್ಪನ ಉಳಿದ ಮತ

ಸತ್ತವರಿಗೂ ವಾರ್ಡ್ ಸಭೆಯಲ್ಲಿ ಒಂದು ಮತ ಉಳಿದಿರುತ್ತದೆ. ಅದನ್ನು ಹಾಕುವವರೆಗೆ ಅವರು ಮನೆಯಲ್ಲೇ ಇರುತ್ತಾರೆ. ಕೈ ಎತ್ತಿದರೆಂದರೆ ಹೋಗಿಬಿಡುತ್ತಾರೆ. ಹಾಗಾಗಿ ನೀಲವ್ವ ಗಂಡ ಫಕೀರಪ್ಪನನ್ನು ಎರಡು ವರ್ಷದಿಂದ ಯಾವ ಸಭೆಗೂ ಕರೆತಂದಿರಲಿಲ್ಲ.

ಕಳೆದ ಸಭೆಯಲ್ಲಿ ಕೆಳಗಿನ ಓಣಿಗೆ ನಳ ಹಾಕಿಸುವ ಮಾತು ಒಂದೇ ಕೈ ಕಡಿಮೆಯಾಗಿ ಬಿದ್ದುಹೋಯಿತು. ಅದಾಗಿ ತಿಂಗಳಿಗೆ, ಪಕ್ಕದ ಮನೆಯ ಬಸುರಿ ಶಾಂತವ್ವ ದೂರದಿಂದ ಕೊಡ ಹೊತ್ತು ಬರುವಾಗ ಜಾರಿ ಬಿದ್ದು ಕೂಸನ್ನು ಕಳೆದುಕೊಂಡಳು.

ಇವತ್ತು ಗಂಡ ಹೆಂಡತಿ ಇಬ್ಬರೂ ಬಂದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು.

"ಏನಬೇ ನೀಲವ್ವಾ, ಕಡೀಗೂ ಅಣ್ಣನ್ನ ಹೊರಗ ಬಿಟ್ಟಿ?" ಎಂದ ಮೇಲಿನ ಓಣಿಯ ಸಂಗಪ್ಪ.

"ನೀವು ನಳ ಬಿಟ್ಟಿದ್ರ ನಾ ಇವರನ್ನ ಯಾಕ ಬಿಡ್ತಿದ್ದೆ?"



ನಳ ಬೇಕೆನ್ನುವವರು ಕೈ ಎತ್ತಬೇಕೆಂದು ಗುಮಾಸ್ತ ಕೂಗಿ, ಮುಂದಿನ ಸಾಲಿನಿಂದ ಎಣಿಸುತ್ತ ಬಂದ. ನೀಲವ್ವ ತನ್ನ ಕೈ ಎತ್ತಿದಳು.

"ನಾನೂ ಎತ್ಲೇನ?" ಎಂದು ಫಕೀರಪ್ಪ ಮೆಲ್ಲಗೆ ಕೇಳಿದ.

"ತಡೀರಿ. ಇನ್ನೂ ಎರಡು ಸಾಲು ಅದಾವು."

ಒಂದು ಸಾಲು ಮುಗಿಯಿತು. ಇನ್ನೊಂದೂ ಮುಗಿಯಿತು. ಗುಮಾಸ್ತ ಎದುರಿಗೆ ಬಂದು ನಿಂತ.

"ಈಗ ಎತ್ರಿ," ಎಂದಳು, ಅವನ ಮುಖ ನೋಡದೆ.

"ನಲವತ್ತೊಂದು. ನಳ ಮಂಜೂರಾತು," ಎಂದ ಗುಮಾಸ್ತ.

ಕೆಳಗಿನ ಓಣಿಯವರೆಲ್ಲ ಎದ್ದರು. ಶಾಂತವ್ವ ಕಣ್ಣೊರೆಸಿಕೊಳ್ಳುತ್ತ ಬಂದು, ಬೆಂಚಿನ ಖಾಲಿ ಜಾಗದಲ್ಲಿ ಕೂರಲು ಹೋದಳು.

"ಅಲ್ಲಿ ಬ್ಯಾಡವ್ವಾ," ಎಂದಳು ನೀಲವ್ವ. "ಈ ಕಡಿ ಕೂಡು."