ಎರಡನೇ ಹಾಳೆಯ ಮಕ್ಕಳು

"ಶಟ್ಟೆವ್ವ!"

ಯಾರೂ ಓ ಎನ್ನಲಿಲ್ಲ. ವಿರೂಪಾಕ್ಷ ಕನ್ನಡಕ ಏರಿಸಿಕೊಂಡು ಇನ್ನೊಮ್ಮೆ ಕೂಗಿದ. ಚಾಪೆಯ ಮೇಲೆ ಕುಳಿತ ಇಪ್ಪತ್ಮೂರು ಮಕ್ಕಳು ಅವನ ಬಾಯಿಯನ್ನೇ ನೋಡುತ್ತಿದ್ದವು. ಒಂದು ಮಾತ್ರ ಸೀನಿತು.

"ಏನ್ರಿ ಅಕ್ಕಾರ ಇದು?" ಎಂದು ಅವನು ಮಕ್ಕಳನ್ನು ನೋಡಿಕೊಳ್ಳುವ ಸಿದ್ದಲಿಂಗವ್ವನತ್ತ ತಿರುಗಿದ. "ಯಾದ್ಯಾಗ ಮೂವತ್ತೇಳು ಹೆಸರು ಅದಾವು. ಇಲ್ಲಿ ಇರಾವು ಇಪ್ಪತ್ಮೂರು. ಮೊದಲನೇ ಹಾಳಿಯಾವು ಎಲ್ಲಾ ಓ ಅಂದ್ವು, ಎರಡನೇದರಾಗಿನ ಹದಿನಾಲ್ಕರಾಗ ಒಂದೂ ಇಲ್ಲ. ಕಾಗದದ ಮ್ಯಾಲ ಮಕ್ಕಳನ್ನ ಹುಟ್ಟಿಸೀರೇನು?"

ಸಿರಸಂಗಿಯ ಹಳೇ ಚಾವಡಿಯಲ್ಲಿ ಈ ಕೂಸಿನ ಮನೆ ಶುರುವಾದದ್ದು ತೊಂಬತ್ತೆಂಟರ ದೀಪಾವಳಿಯ ಹೊತ್ತಿಗೆ. ತಾಯಂದಿರು ಹೊಲದಿಂದ ಬರುವ ತನಕ ಮಕ್ಕಳಿಗೆ ಹಾಲು, ಶೇಂಗಾ ಉಂಡಿ, ಮಲಗಲು ತೊಟ್ಟಿಲು. ಎಲ್ಲ ಒಂದು ಟ್ರಸ್ಟಿನ ಸಹಾಯಧನದಿಂದ. ಮೂರು ತಿಂಗಳು ನೋಡೋಣ ಎಂದಿದ್ದರು. ಇವತ್ತು ಟ್ರಸ್ಟಿನ ವಿರೂಪಾಕ್ಷ ಬಂದು ಸಹಿ ಹಾಕಿದರೆ ಇನ್ನೆರಡು ವರ್ಷ ನಡೆಯುತ್ತದೆ. ಹಾಕದಿದ್ದರೆ ನಾಳೆಯೇ ಬೀಗ.

ಗೋಡೆಗೆ ಒರಗಿ ನಿಂತ ತಾಯಂದಿರಲ್ಲಿ ಸತ್ಯವ್ವನೂ ಒಬ್ಬಳು. ಅವಳ ಹಿರಿಮಗಳು ಸಾಲಿ ಬಿಟ್ಟು, ತಂಗಿಯನ್ನು ಸೊಂಟಕ್ಕೇರಿಸಿಕೊಂಡು ಎರಡು ವರ್ಷ ಹೊಲದ ಬದುವಿನಲ್ಲೇ ಕಳೆದಿದ್ದಳು. ಕೂಸಿನ ಮನೆ ಬಂದ ಮೇಲಷ್ಟೇ ಮತ್ತೆ ಸಾಲಿಯ ಮುಖ ಕಂಡಿದ್ದಳು. ಇಲ್ಲಿ ಬೀಗ ಬಿತ್ತೆಂದರೆ ಅವಳ ಪಾಟಿಚೀಲ ಮತ್ತೆ ಗೂಟಕ್ಕೆ.

ಹಾಗಾದರೆ ಬಾಯಿ ಬಿಟ್ಟು ಹೇಳಬಾರದೆ? ಅಲ್ಲೇ ಇತ್ತು ನೋಡಿ ಗಂಟು. ಶಟ್ಟೆವ್ವ ಎಂಬುದು ಸತ್ಯವ್ವನ ಅತ್ತೆಯ ಹೆಸರು. ಅದನ್ನೇ ಮೊಮ್ಮಗಳಿಗೂ ಇಟ್ಟಿದ್ದರು. ಸೊಸೆಯಾದವಳು ಅತ್ತೆಯ ಹೆಸರು ಹಿಡಿಯುವುದುಂಟೆ? ಸತ್ಯವ್ವ ಮಗಳನ್ನು ಬೇಬಿ ಎನ್ನುತ್ತಿದ್ದಳು. ಹಡೆದವ್ವನ ಹೆಸರನ್ನು ಹೇಗೆ ಕೂಗುವುದೆಂದು ಗಂಡ 'ಅವ್ವಿ' ಎನ್ನುತ್ತಿದ್ದ. ತೊಟ್ಟಿಲಲ್ಲಿ ಇಟ್ಟ ಹೆಸರು ತೊಟ್ಟಿಲಲ್ಲೇ ಉಳಿದಿತ್ತು.

"ಮೊದಲನೇ ಹಾಳಿ ನಾ ತಾಯಂದಿರನ್ನ ಕೇಳಿ ಬರದದ್ದರಿ," ಎಂದಳು ಸಿದ್ದಲಿಂಗವ್ವ. "ಎರಡನೇದು ಪಂಚಾಯ್ತಿ ಜಟ್ಟೆಪ್ಪಜ್ಜಾರು ಕಟ್ಟಿ ಮ್ಯಾಲ ಕುಂತು, ಊರ ಹಿರ್‍ಯಾರನ್ನ ಕೇಳಿ ಬರದಾರ. ನನ್ನ ಯಾದ್ಯಾಗ ಬಿಟ್ಟ ಹ್ವಾದ ಮಕ್ಕಳು ಅಂತ ತಿಳದು ಶುರುವಿನಾಗ ಎರಡೂ ಕೂಡಿಸಿ ಕಳಿಸಿದೆ. ನಾ ರಾಮದುರ್ಗದಾಕಿ, ಈ ಊರಿಗೆ ಹೊಸಬಳ್ರಿ."

"ಕರೀರಿ ಜಟ್ಟೆಪ್ಪನವರನ್ನ."

"ಬೈಲಹೊಂಗಲ ಸಂತಿಗೆ ಹೋಗ್ಯಾರ್ರಿ. ಗಂಡಸರು ಯಾರೂ ಊರಾಗಿಲ್ಲ."

"ಹೋಗ್ಲಿ, ಇಮಾಮಸಾಬ ಯಾರು?"

ಒಲೆಯ ಮುಂದಿದ್ದ ಮೌಲಾಬಿ ಸೌಟು ಹಿಡಿದುಕೊಂಡೇ ನೆಲ ನೋಡಿದಳು. ಅದು ಅವಳ ಮಾವನ ಹೆಸರು, ಮಗನದೂ. "ಅಮೋಘಸಿದ್ದಪ್ಪ?" ಇನ್ನೊಬ್ಬಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕಳ್ಳತನದಲ್ಲಿ ಸಿಕ್ಕವರಂತೆ ಎಲ್ಲರೂ ತಲೆ ತಗ್ಗಿಸಿ ನಿಂತಿದ್ದರು.

ಸತ್ಯವ್ವನಿಗೆ ತಡೆಯಲಾಗಲಿಲ್ಲ. "ಸಾಹೇಬ್ರ, ಮೊದಲ ಕೂಗಿದ್ರಲ್ಲ, ಅದು ನಮ್ಮ ಅತ್ತಿ ಹೆಸರ್ರಿ..."

"ಏನು? ಮುದುಕ್ಯಾರನ್ನೂ ಕೂಸಿನ ಯಾದ್ಯಾಗ ಸೇರ್ಸೀರಿ?" ವಿರೂಪಾಕ್ಷನ ಪಿತ್ತ ನೆತ್ತಿಗೇರಿತು. "ಅವರಿಗೂ ಶೇಂಗಾ ಉಂಡಿ ಬೇಕಾಗಿತ್ತೇನು? ಸಾಕ್ ಬಿಡ್ರಿ. ಖೊಟ್ಟಿ ಯಾದಿ ಅಂತ ಬರದು ಹೋಗತೇನಿ."

ಅವನು ಪೆನ್ನಿನ ಟೊಪ್ಪಿಗೆ ತೆಗೆದ. ಅದು ಕಾಗದಕ್ಕೆ ತಾಗುವಷ್ಟರಲ್ಲಿ ಸತ್ಯವ್ವ ಬೇಬಿಯ ರಟ್ಟೆ ಹಿಡಿದು ಎಬ್ಬಿಸಿ ಅವನ ಮುಂದೆ ನಿಲ್ಲಿಸಿದಳು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಚಾವಡಿ ಹಾರಿಹೋಗುವಂತೆ ಕೂಗಿದಳು.

"ಶಟ್ಟೆವ್ವ! ಇಕೀನ ಶಟ್ಟೆವ್ವ! ಕಾಳವ್ವನ ಆಣಿಗೂ ಬೇಬಿನೂ ಇಕೀನ, ಶಟ್ಟೆವ್ವನೂ ಇಕೀನ!"

ಬೇಬಿ ಪಿಳಿಪಿಳಿ ಕಣ್ಣು ಬಿಟ್ಟಿತು. "ಓ" ಎಂಬ ಉತ್ತರ ಬಂದದ್ದು ಬಾಗಿಲಿಂದ. ಸೊಸೆಗೆ ಬುತ್ತಿ ತಂದಿದ್ದ ಅತ್ತೆ ಶಟ್ಟೆವ್ವ ಅಲ್ಲಿ ನಿಂತಿದ್ದಳು.

ವಿರೂಪಾಕ್ಷ ಮುದುಕಿಯನ್ನು ನೋಡಿದ, ಕೂಸನ್ನು ನೋಡಿದ, ಹಾಳೆಯನ್ನು ನೋಡಿದ. ಆಮೇಲೆ ಹಣೆ ಹಣೆ ಬಡಿದುಕೊಂಡು ನಗತೊಡಗಿದ. "ಅಯ್ಯ ಶಿವನ! ನನ್ನ ಮಗಳಿಗೂ ನಮ್ಮವ್ವನ ಹೆಸರ ಇಟ್ಟೇವಿ. ನಮ್ಮ ಮನಿಯಾಕಿ ಹುಟ್ಟಿದಾಗಿಂದ ಪಿಂಕಿ ಪಿಂಕಿ ಅಂತಾಳ. ನನಗ ಹೊಳೀಲಿಲ್ಲ ನೋಡ್ರಿ!"

"ನಮ್ಮ ರಾಜಾನ ಇಮಾಮಸಾಬ್ರಿ," ಎಂದು ಹೇಳಿ ಮೌಲಾಬಿ ನಾಲಿಗೆ ಕಚ್ಚಿಕೊಂಡಳು. ಅಷ್ಟಾಗಿದ್ದೇ ತಡ, ಗೋಡೆಯುದ್ದಕ್ಕೂ ಮಾವಂದಿರ, ಅತ್ತೆಯರ ಹೆಸರುಗಳು ಒಂದರ ಮೇಲೊಂದು ಹೊರಬಿದ್ದವು. ವಿರೂಪಾಕ್ಷ ಎರಡನೇ ಹಾಳೆಯ ಮೇಲೆ ಅಡ್ಡ ಗೆರೆ ಎಳೆದು, ಮೊದಲನೆಯದಕ್ಕೆ ಸಹಿ ಹಾಕಿದ. ಸಿದ್ದಲಿಂಗವ್ವ ಅಲ್ಲೇ ಚಾಪೆಯ ಮೇಲೆ ಕುಸಿದು ಕುಳಿತು ಕಣ್ಣೊರೆಸಿಕೊಂಡಳು. ಮೌಲಾಬಿ ಅವನಿಗೂ ಒಂದು ಶೇಂಗಾ ಉಂಡಿ ಕೊಟ್ಟಳು.

ಸತ್ಯವ್ವನಿಗೂ ಜೀವ ಬಂದಂತಾಗಿತ್ತು. ಆದರೆ ಮನೆಗೆ ಹೋದ ಮೇಲೆ? "ತಪ್ಪಾತ್ರಿ ಅತ್ತಿ," ಎಂದಳು ತಲೆ ಎತ್ತದೆ.

ಮುದುಕಿ ಬುತ್ತಿಗಂಟು ಕೆಳಗಿಟ್ಟು ಬೇಬಿಯನ್ನು ಬಗಲಿಗೆ ಎತ್ತಿಕೊಂಡಳು.

"ನಮ್ಮವ್ವ ಸತ್ತ ಮ್ಯಾಲ ನನ್ನ ಹೆಸರ ಹಿಡದು ಯಾರೂ ಕರದಿದ್ದಿಲ್ಲ ನೋಡು. ಹೆಂಗ ಕೇಳಸತೈತಿ ಅನ್ನೂದ ಮರತಿದ್ದೆ. ಇನ್ನೊಮ್ಮೆ ಕರಿ."

ಸತ್ಯವ್ವ ಸುತ್ತ ನೋಡಿದಳು. ಆಮೇಲೆ ಮೆಲ್ಲಗೆ, "ಶಟ್ಟೆವ್ವಾ..." ಎಂದಳು.

ಮುದುಕಿ ಬಾಯಿ ತೆರೆಯುವ ಮೊದಲೇ ಬಗಲಲ್ಲಿದ್ದ ಕೂಸು "ಓ" ಎಂದಿತು.